ಥರ್ಮಾಕೋಲಿನ ಗಾಜಿನ ಕಟ್ಟಡ

ನಾನು ಆರ್ಕಿಟೆಕ್ಚರ್ ಓದುತ್ತಿದ್ದ ಕಾಲಕ್ಕೆ ಹೈದರಾಬಾದಿನಲ್ಲಿ ಆರ್ಕಿಟೆಕ್ಟ್ ಎಂದರೆ ಸಾಫ್ಟ್‌ವೇರಿನಲ್ಲಿ ಅದೇನೋ ದೊಡ್ಡ ಹುದ್ದೆ ಎಂದೇ ಜನರ ತಿಳಿವಳಿಕೆ. ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನ ಎದುರು ಮನೆಯ ಸರೋಜಮ್ಮ ಆಂಟಿ ನನ್ನನ್ನು ಕಂಡಾಗಲೆಲ್ಲ, "ಜಾವಾ ಅಯಿಪೋಯಿಂದಾ ಅಮ್ಮಾ?" ಎಂದು ವಿಚಾರಿಸುತ್ತಿದ್ದರು, ಜಾವಾ ಕೋರ್ಸು ಮುಗಿಯಿತೇ ಎಂದು. ಜಾವಾ ಅಲ್ಲ ಆಂಟಿ, ನಾನು ಕಲಿಯುತ್ತಿರುವುದು ಕಟ್ಟಡ ಕಟ್ಟುವುದು ಎಂದರೆ ಅವರ ಮುಖ ಸಣ್ಣದಾಗುತ್ತಿತ್ತು. "ಪರವಾಲೇದುಲೇ," ಎಂದು ಬೆನ್ನು ಸವರುತ್ತಿದ್ದರು, ಪರೀಕ್ಷೆಯಲ್ಲಿ ಫೇಲಾದವರಿಗೆ ಹೇಳುವ ಹಾಗೆ!

ನನಗೆ ಮಾತ್ರ ನನ್ನ ಬಗ್ಗೆ ಯಾವ ಸಂಶಯವೂ ಇರಲಿಲ್ಲ. ಊರಲ್ಲಿ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿತ್ತು. ಅವುಗಳಲ್ಲಿ ಒಂದಾದರೂ ನನ್ನ ಕೈಯಿಂದ ಎದ್ದೇ ಏಳುತ್ತದೆ ಎಂದು ನಾನು ದೃಢವಾಗಿ ನಂಬಿದ್ದೆ. ಕಾಲೇಜಿನಲ್ಲಿ ನಾನು ಮಾಡಿದ ಗ್ರಂಥಾಲಯದ ಮಾದರಿಯನ್ನು ಮೇಷ್ಟರು ಮೆಚ್ಚಿದ್ದರು. ಅಂದು ಫ್ಯಾನಿನ ಗಾಳಿಗೆ ಉಳಿದವರ ಮಾದರಿಗಳೆಲ್ಲ ಬಿದ್ದಿದ್ದವು ಎಂಬ ಸಂಗತಿಗೆ ನಾನು ಹೆಚ್ಚು ಮಹತ್ವ ಕೊಟ್ಟಿರಲಿಲ್ಲ.

ಹೀಗಿರುವಾಗ ಬೇಗಂಪೇಟೆಯ ಖುರೇಷಿ ಸಾಬರ ಆಫೀಸಿನಲ್ಲಿ ತರಬೇತಿಗೆ ಸೇರಿದೆ. ಖುರೇಷಿ ಸಾಬರು ಹಳೇ ಹೈದರಾಬಾದಿನ ಮನುಷ್ಯ. ನಯವಾದ ಮಾತು, ಇಸ್ತ್ರಿ ಮಾಡಿದ ಬಿಳಿ ಶರ್ಟು, ಮೇಜಿನ ಮೇಲೆ ಸದಾ ಇರಾನಿ ಚಹಾ. ನನ್ನ ಡ್ರಾಯಿಂಗುಗಳನ್ನೆಲ್ಲ ಒಂದೊಂದಾಗಿ ತಿರುವಿ ನೋಡಿ, "ಮಾಷಾ ಅಲ್ಲಾ! ಬಹುತ್ ಖೂಬ್ ಬೇಟಾ!" ಎಂದರು. ನಾನು ಉಬ್ಬಿಹೋದೆ. ಆಮೇಲೆ ನನ್ನನ್ನು ಶೌಚಾಲಯಗಳ ವಿಭಾಗಕ್ಕೆ ಹಾಕಿದರು.

ಹೌದು, ಶೌಚಾಲಯ! ಒಂದು ಸಾಫ್ಟ್‌ವೇರ್ ಕಂಪನಿಗೆ ಅವರು ಭಾರೀ ಕಟ್ಟಡವೊಂದನ್ನು ವಿನ್ಯಾಸ ಮಾಡುತ್ತಿದ್ದರು. ಮುಂಭಾಗವೆಲ್ಲ ನೀಲಿ ಗಾಜು, ಒಳಗೆ ಆಕಾಶ ಕಾಣುವ ಹಜಾರ. ಅದರಲ್ಲಿ ನನ್ನ ಪಾಲಿಗೆ ಬಂದದ್ದು ಪ್ರತಿ ಮಹಡಿಯಲ್ಲೂ ಕಮೋಡು ಎಲ್ಲಿ, ಟೈಲ್ಸು ಹೇಗೆ, ಬಾಗಿಲು ಯಾವ ಕಡೆಗೆ ಎಂದು ಗೆರೆ ಎಳೆಯುವ ಕೆಲಸ. "ಆಫೀಸಿನ್ಯಾಗ ಏನ್ ಮಾಡಾಕತ್ತೀ?" ಎಂದು ಅಪ್ಪ ಕೇಳಿದಾಗ, "ಕಟ್ಟಡದ ಆಂತರಿಕ ವ್ಯವಸ್ಥೆ ನೋಡಿಕೊಳ್ಳುತ್ತಿದ್ದೇನೆ" ಎಂದು ಗಂಭೀರವಾಗಿ ಹೇಳುತ್ತಿದ್ದೆ. ಅಪ್ಪ ಅದನ್ನೇ ತಮ್ಮ ಫ್ಯಾಕ್ಟರಿಯಲ್ಲೆಲ್ಲ ಹೇಳಿಕೊಂಡು ಬಂದರು.

ಒಂದು ಶನಿವಾರ ಆಫೀಸಿನಲ್ಲಿ ಗಲಿಬಿಲಿ. ಆ ಗಾಜಿನ ಕಟ್ಟಡದ ಮಾದರಿ ಮಾಡಿಕೊಡಬೇಕಿದ್ದವನು ಸೀತಾಳೆ ಸಿಡುಬು ಎದ್ದು ಊರಿಗೆ ಹೋಗಿದ್ದ. ಸೋಮವಾರ ಬೆಳಿಗ್ಗೆ ಕಂಪನಿಯ ಯಜಮಾನ ರೆಡ್ಡಿಗಾರು ನೋಡಲು ಬರುವವರಿದ್ದರು. ಅದೇ ಕೆಲಸಕ್ಕೆ ಇನ್ನೊಂದು ಆಫೀಸಿನವರೂ ಕಣ್ಣು ಹಾಕಿದ್ದರು. ಖುರೇಷಿ ಸಾಬರು ತಲೆ ಹಿಡಿದು ಕೂತಿದ್ದರು.

"ಸರ್, ನಾನು ಮಾಡ್ತೀನಿ!" ಎಂದೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬೇರೆ ದಾರಿ ಇರಲಿಲ್ಲ, ಪಾಪ. "ಇದೊಂದು ಮಾಡಿ ಕೊಡು ಬೇಟಾ, ನಿನ್ನನ್ನು ಟಾಯ್ಲೆಟಿನಿಂದ ಹೊರಗೆ ತಂದು ಮುಂಭಾಗದ ಹಜಾರಕ್ಕೆ ಹಾಕ್ತೇನೆ" ಎಂದು ಹಿಂದಿಯಲ್ಲಿ ಮಾತು ಕೊಟ್ಟರು.

ಭಾನುವಾರ ನಮ್ಮ ಮನೆಯ ಬಾಲ್ಕನಿ ಕಾರ್ಖಾನೆಯಾಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಥರ್ಮಾಕೋಲಿನಲ್ಲಿ ಕಟ್ಟಡ ಎದ್ದು ನಿಂತಿತ್ತು. ನಿಜ ಹೇಳುತ್ತೇನೆ, ಚೆನ್ನಾಗಿತ್ತು. ಅವ್ವ ದೃಷ್ಟಿ ತೆಗೆಯಬೇಕು ಎಂದಳು. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಇಂದು ಬೇರೆಯೇ ಮನುಷ್ಯಳಾಗಿರುತ್ತಿದ್ದೆ. ಆದರೆ ಗಾಜಿನ ಹೊಳಪು ಬೇಡವೇ? ನಾನು ಕುಂಚ ಹಿಡಿದು ಬಣ್ಣ ಕಲಸತೊಡಗಿದೆ.

ಅಪ್ಪ ನಕ್ಕರು. "ಕುಂಚದ್ಲೆ ಹಚ್ಚಿದ್ರ ಪಟ್ಟಿ ಪಟ್ಟಿ ಕಾಣತೈತಿ. ನಮ್ಮ ಫ್ಯಾಕ್ಟರ್‍ಯಾಗ ಸ್ಪ್ರೇ ಹೊಡೀತಾರ, ಕನ್ನಡಿ ಆದಂಗ ಆಗತೈತಿ. ಸ್ಕೂಟರಿಗೆ ತಂದ ಬೆಳ್ಳಿ ಬಣ್ಣದ ಡಬ್ಬಿ ಐತಿ, ತಡಿ."

"ಫ್ಯಾಕ್ಟರ್‍ಯಾಗ ಕಬ್ಬಿಣಕ್ಕ ಹೊಡೀತಾರ್ರೀ, ಇದು ಥರ್ಮಾಕೋಲ್" ಎಂದಳು ಅವ್ವ.

"ಬಣ್ಣಕ್ಕ ಅದೆಲ್ಲ ಗೊತ್ತಾಗತೈತೇನು?" ಎಂದರು ಅಪ್ಪ.

ಬಣ್ಣಕ್ಕೆ ಗೊತ್ತಾಯಿತು! ಡಬ್ಬಿ ಅಲುಗಾಡಿಸಿ ಬುಸ್ಸೆಂದು ಹೊಡೆದದ್ದೇ ತಡ, ಮೊದಲು ಛಾವಣಿಯಲ್ಲಿ ಒಂದು ಗುಳಿ ಬಿತ್ತು. ನೆರಳಿರಬೇಕು ಎಂದುಕೊಂಡು ಅಲ್ಲಿಗೇ ಇನ್ನೊಂದು ಸಲ ಹೊಡೆದೆ. ಗುಳಿ ಬಾವಿಯಾಯಿತು. ಮೇಲಿನ ಮಹಡಿ ಕೆಳಗಿನ ಮಹಡಿಗೆ ಇಳಿಯಿತು, ಎರಡೂ ಸೇರಿ ಅದರ ಕೆಳಗಿನದನ್ನು ಕರೆದುಕೊಂಡವು. ನಮ್ಮ ಕಣ್ಣೆದುರಿಗೇ ಬೆಳ್ಳಿ ಬಣ್ಣದ ಕಟ್ಟಡ ಬಿಸಿಲಿಗಿಟ್ಟ ಬೆಣ್ಣೆಯ ಹಾಗೆ ಕುಗ್ಗುತ್ತ ಹೋಯಿತು.

"ಒಣಗಿದ ಮ್ಯಾಲ ಸರಿ ಆಗತೈತಿ" ಎಂದರು ಅಪ್ಪ.

ಒಣಗಿದ ಮೇಲೆ ಅದು ಹಪ್ಪಳವಾಗಿತ್ತು.

ನಾನು ಅಲ್ಲೇ ನೆಲದ ಮೇಲೆ ಕೂತು ಅಳಲು ಶುರುಮಾಡಿದೆ. ಸ್ಟೇಷನರಿ ಅಂಗಡಿ ಭಾನುವಾರ ಮಧ್ಯಾಹ್ನ ಬಾಗಿಲು ಹಾಕುತ್ತಿತ್ತು. ಅವ್ವ ಸೆರಗು ಸಿಕ್ಕಿಸಿಕೊಂಡು, "ಅಳಬ್ಯಾಡ, ಸುಮ್ನಿರು. ಸರೋಜಮ್ಮನ ಮನ್ಯಾಗ ಥರ್ಮಾಕೋಲ್ ಐತಿ" ಎಂದು ಎದುರು ಮನೆಗೆ ಹೋದಳು.

ಹಿಂದಿನ ವಾರವಷ್ಟೇ ಆಂಟಿಯ ಮಗಳು ಪದ್ಮಜಳ ನಿಶ್ಚಿತಾರ್ಥವಾಗಿತ್ತು. ಹುಡುಗ ಹುಡುಗಿ ಕೂತ ಸೋಫಾದ ಹಿಂದೆ ದೊಡ್ಡ ಥರ್ಮಾಕೋಲ್ ಹಲಗೆಗಳನ್ನು ನಿಲ್ಲಿಸಿ, ನಡುವಿನದರ ಮೇಲೆ 'ಪದ್ಮಜ ವೆಡ್ಸ್ ಶ್ರೀನಿವಾಸ್' ಎಂದು ಇಂಗ್ಲಿಷಿನಲ್ಲಿ ಕೆಂಪು ಮಖಮಲ್ಲಿನ ಅಕ್ಷರಗಳನ್ನು ಅಂಟಿಸಿದ್ದರು. ಆಂಟಿ ಅದನ್ನು ನೆನಪಿಗೆಂದು ಬೀರುವಿನ ಹಿಂದೆ ಎತ್ತಿಟ್ಟಿದ್ದರು. ನನ್ನ ಅಳು ನೋಡಿ ಮನಸ್ಸು ಕರಗಿ ಎಲ್ಲವನ್ನೂ ತಂದುಕೊಟ್ಟರು. ಒಂದೇ ಷರತ್ತು. "ಪೇರ್ಲು ಮಾತ್ರಂ ಕೊಯ್ಯೊದ್ದಮ್ಮಾ, ಅಪಶಕುನಂ!" ಹೆಸರುಗಳನ್ನು ಮಾತ್ರ ಕತ್ತರಿಸಬಾರದು. ಕಿತ್ತರೂ ಅಪಶಕುನವೇ!

ಹಾಗಾಗಿ ಹೆಸರಿದ್ದ ಹಲಗೆಯನ್ನು ಇಡಿಯಾಗಿಯೇ ಬಳಸಬೇಕಾಯಿತು. ಅಷ್ಟು ಅಗಲದ ಗೋಡೆ ಇದ್ದದ್ದು ಒಂದೇ, ಕಟ್ಟಡದ ಮುಂಭಾಗ. ಅಕ್ಷರಗಳಿದ್ದ ಮಗ್ಗುಲನ್ನು ಒಳಕ್ಕೆ ತಿರುಗಿಸಿ ಅಂಟಿಸಿದೆ.

"ಒಳಗಿಂದು ಯಾರ್ ನೋಡ್ತಾರ?" ಎಂದಳು ಅವ್ವ.

ಹೊರಗೆ ಉಡುಗೊರೆಗೆ ಸುತ್ತುವ ನೀಲಿ ಪಾರದರ್ಶಕ ಕಾಗದ ಬಿಗಿದೆವು. ಸಾಕ್ಷಾತ್ ಗಾಜು! ಅಪ್ಪನಿಗೆ ತಮ್ಮ ತಪ್ಪಿಗೆ ಏನಾದರೂ ಪರಿಹಾರ ಮಾಡಬೇಕಿತ್ತು. ಒಳಗೊಂದು ಬಲ್ಬು ಕೂರಿಸಿದರು. "ಕತ್ತಲ್ಯಾಗ ದೀಪ ಹಚ್ಚಿದ್ರ ಕಂಪನಿ ರಾತ್ರಿ ಪಾಳಿ ನಡೆಸಿದಂಗ ಕಾಣತೈತಿ. ಅವರು ಅಮೆರಿಕಾದ ಟೈಮಿಗೆ ಕೆಲಸ ಮಾಡೋರು, ಅವರಿಗೆ ಭಾಳ ಚಲೋ ಅನಸತೈತಿ." ಬಾಲ್ಕನಿಯ ಬಿಸಿಲಿನಲ್ಲೇ ಸ್ವಿಚ್ ಹಾಕಿ ನೋಡಿದೆವು. ಬಲ್ಬು ಹತ್ತಿತು. ನಮಗೆ ಅಷ್ಟೇ ಬೇಕಿತ್ತು.

ಸೋಮವಾರ ಅಪ್ಪ ರಜೆ ಹಾಕಿ, ಮಾದರಿಯನ್ನು ಅಪ್ಪಿಕೊಂಡು ಆಟೋ ಹತ್ತಿದರು. ಆಟೋದವನು, "ಕೇಕ್ ಹೈ ಕ್ಯಾ ಸಾಬ್?" ಎಂದು ಕೇಳಿದ. "ಬಿಲ್ಡಿಂಗ್ ಹೈ!" ಎಂದರು ಅಪ್ಪ. ಆಫೀಸಿನಲ್ಲಿ ಖುರೇಷಿ ಸಾಬರು ಮಾದರಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನನ್ನ ತಲೆಯ ಮೇಲೆ ಕೈಯಿಟ್ಟರು. ವೈರಿನ ಜವಾಬ್ದಾರಿ ತಮ್ಮದೆಂದು ಅಪ್ಪ ಮೀಟಿಂಗ್ ಕೋಣೆಯ ಮೂಲೆಯಲ್ಲೇ ನಿಂತರು.

ರೆಡ್ಡಿಗಾರು ತಮ್ಮ ಇಬ್ಬರು ಅಧಿಕಾರಿಗಳೊಂದಿಗೆ ಬಂದು ಕೂತರು. ಖುರೇಷಿ ಸಾಬರು ಗಾಜು, ಬೆಳಕು, ಭವಿಷ್ಯ ಎಂದೆಲ್ಲ ಇಂಗ್ಲಿಷಿನಲ್ಲಿ ಸೊಗಸಾಗಿ ಮಾತಾಡಿದರು. ರೆಡ್ಡಿಗಾರು ತಲೆಯಾಡಿಸುತ್ತಿದ್ದರು. ನನಗೆ ಆಗಲೇ ಹಜಾರ ಕಾಣುತ್ತಿತ್ತು. "ಈಗ ರಾತ್ರಿಯ ನೋಟ" ಎಂದು ಸಾಬರು ಪರದೆ ಎಳೆಸಿ, ಕೋಣೆಯ ದೀಪ ಆರಿಸಿ, ಅಪ್ಪನಿಗೆ ಸನ್ನೆ ಮಾಡಿದರು.

ಅಪ್ಪ ಸ್ವಿಚ್ ಹಾಕಿದರು.

ಕಟ್ಟಡ ನೀಲಿಯಾಗಿ ಬೆಳಗಿತು. "ವಾವ್" ಎಂದರು ಯಾರೋ. ನೀಲಿ ಗಾಜಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ದೊಡ್ಡ ದೊಡ್ಡ ಕಪ್ಪು ಅಕ್ಷರಗಳು ಮೂಡಿದ್ದವು, ಎಲ್ಲವೂ ತಿರುಗುಮುರುಗು! ಎಲ್ಲರೂ ಕತ್ತು ಓರೆ ಮಾಡಿ ಓದಲು ಪ್ರಯತ್ನಿಸುತ್ತಿದ್ದರು. ಉರ್ದುವನ್ನು ಬಲದಿಂದ ಎಡಕ್ಕೆ ಓದಿ ರೂಢಿಯಿದ್ದ ಖುರೇಷಿ ಸಾಬರಿಗೆ ಮೊದಲು ಅರ್ಥವಾಯಿತು.

"ಪದ್ಮಜ... ವೆಡ್ಸ್... ಶ್ರೀನಿವಾಸ್..." ಅವರು ನನ್ನ ಕಡೆ ತಿರುಗಿದರು. "ಯೇ ಕ್ಯಾ ಹೈ, ಬೇಟಾ?"

ಬೇಟಾ ಅಪ್ಪನ ಕಡೆ ನೋಡಿದಳು.

"ಶ್ರೀನಿವಾಸ್ ಎವರಂಡಿ?" ಎಂದು ಕೇಳಿದರು ರೆಡ್ಡಿಗಾರು. ಯಾರು ಈ ಶ್ರೀನಿವಾಸ್?

ಕೇಳಿದ ಪ್ರಶ್ನೆಗೆ ಉತ್ತರ ಕೊಡದಿರುವುದು ಅಪ್ಪನ ಜಾಯಮಾನವಲ್ಲ. ಮೂಲೆಯಿಂದ ವಿನಯವಾಗಿ ತೆಲುಗಿನಲ್ಲಿ ಹೇಳಿದರು: "ಅಬ್ಬಾಯಿ ಬ್ಯಾಂಕ್‌ಲೋ ಉನ್ನಾಡಂಡಿ. ಮಂಚಿ ಸಂಬಂಧಂ!"

ಹುಡುಗ ಬ್ಯಾಂಕಿನಲ್ಲಿದ್ದಾನೆ, ಒಳ್ಳೆ ಸಂಬಂಧ. ಈ ಮಾಹಿತಿಯನ್ನು ಎಲ್ಲರೂ ಅರಗಿಸಿಕೊಳ್ಳುತ್ತಿರುವಾಗಲೇ ಸುಟ್ಟ ವಾಸನೆ ಬಂತು. ಬಲ್ಬಿನ ಕಾವಿಗೆ ಮುಂಭಾಗದ ಗೋಡೆ ನಡುವಿನಲ್ಲಿ ಮೆತ್ತಗಾಗಿ ಒಳಕ್ಕೆ ಮಡಚತೊಡಗಿತ್ತು. ನೋಡನೋಡುತ್ತಿದ್ದಂತೆ ಪದ್ಮಜ ಆ ಕಡೆಯಿಂದ, ಶ್ರೀನಿವಾಸ ಈ ಕಡೆಯಿಂದ ವಾಲಿ, ಹಿರಿಯರೆಲ್ಲರ ಸಮ್ಮುಖದಲ್ಲಿ ಒಬ್ಬರ ಮೇಲೊಬ್ಬರು ಒರಗಿದರು.

"ವೈರ್ ತೆಗೀರಿ ಅಪ್ಪಾ!" ಎಂದು ಕಿರುಚಿದೆ.

ಅಪ್ಪ ವೈರನ್ನು ಜೋರಾಗಿ ಎಳೆದರು. ಅವರು ಫ್ಯಾಕ್ಟರಿಯ ಮನುಷ್ಯ, ಕೈ ಗಟ್ಟಿ. ವೈರಿನ ಜೊತೆ ಬಲ್ಬು ಬಂತು, ಬಲ್ಬಿನ ಜೊತೆ ಕಟ್ಟಡ ಬಂತು, ಕಟ್ಟಡದ ಜೊತೆ ಖುರೇಷಿ ಸಾಬರ ಇರಾನಿ ಚಹಾ ಬಂತು. ಚಹಾ ನೇರವಾಗಿ ಬಿಳಿ ಶರ್ಟಿಗೆ ಹೋಯಿತು.

ದೀಪ ಹಾಕಿದಾಗ ರೆಡ್ಡಿಗಾರು ಮೇಜಿನ ಮೇಲೆ ತಲೆಯಿಟ್ಟಿದ್ದರು. ಭುಜಗಳು ಕುಲುಕುತ್ತಿದ್ದವು. ಅಳುತ್ತಿದ್ದಾರೆಂದೇ ನಾನು ಹೆದರಿದೆ. ಆಮೇಲೆ ನೋಡಿದರೆ ಮನುಷ್ಯನಿಗೆ ನಕ್ಕು ನಕ್ಕು ಉಸಿರು ಕಟ್ಟಿತ್ತು.

ಖುರೇಷಿ ಸಾಬರು ನಗಲಿಲ್ಲ. ಕರವಸ್ತ್ರದಿಂದ ಶರ್ಟು ಒರೆಸುತ್ತ, ಅಷ್ಟೇ ನಯವಾಗಿ, ಎಲ್ಲರೆದುರಿಗೆ ಹೇಳಿದರು: "ಬೇಟಾ, ಕಲ್ ಸೇ ತುಮ್ ವಾಪಸ್ ಟಾಯ್ಲೆಟ್ ಮೇಂ."

ಆಂತರಿಕ ವ್ಯವಸ್ಥೆ ಎಂದರೆ ಏನೆಂದು ಅಪ್ಪನಿಗೆ ಅಂದು ತಿಳಿಯಿತು. ಆಟೋದಲ್ಲಿ, "ಇರ್ಲಿ ಬಿಡು. ಎಲ್ಲಾರಿಗೂ ಬೇಕಾದದ್ದ ಅದು" ಎಂದರು. ಹೆಸರಿನ ಹಲಗೆಯ ಗತಿಯನ್ನು ಸರೋಜಮ್ಮ ಆಂಟಿಗೆ ಹೇಳುವ ಧೈರ್ಯ ನನಗಿರಲಿಲ್ಲ, ಅವ್ವನನ್ನು ಕಳಿಸಿದೆ. "ಇಬ್ಬರೂ ಅಪ್ಪಿಕೊಂಡ್ರಂತ" ಎಂದಳಂತೆ ಅವ್ವ. ಆಂಟಿ ಅದನ್ನು ಶುಭಶಕುನವೆಂದು ತೆಗೆದುಕೊಂಡರು!

ನಮ್ಮ ಆಫೀಸಿಗೇ ಕೆಲಸ ಸಿಕ್ಕಿತು. ಡ್ರಾಯಿಂಗ್ ನೋಡಿಯೇ ಒಪ್ಪಿದರು, ಮಾದರಿ ಮಾತ್ರ ಇನ್ನು ಬೇಡ ಎಂದರಂತೆ. ನಾನು ಮತ್ತೆ ಟೈಲ್ಸುಗಳ ನಡುವೆ ತಲೆ ತಗ್ಗಿಸಿ ಕೂತೆ. ಕೆಲ ವಾರಗಳ ಮೇಲೆ ಖುರೇಷಿ ಸಾಬರು ನನ್ನನ್ನು ಕರೆದು, ರೆಡ್ಡಿಗಾರು ಖುದ್ದಾಗಿ ನನ್ನನ್ನು ಕೇಳುತ್ತಿದ್ದಾರೆ ಎಂದರು. ಕೊನೆಗೂ ಪ್ರತಿಭೆಗೆ ಬೆಲೆ ಬಂತು! ಫೋನಿನಲ್ಲಿ ರೆಡ್ಡಿಗಾರು ಬಹಳ ಸಂಭ್ರಮದಲ್ಲಿದ್ದರು. ಅವರ ಅಣ್ಣನ ಮಗಳ ನಿಶ್ಚಿತಾರ್ಥವಂತೆ. ಅಂದಿನ ಹಾಗೆಯೇ ಹೆಸರುಗಳು ನೀಲಿ ಬೆಳಕಿನಲ್ಲಿ ಮೂಡಬೇಕಂತೆ. ನಾನೇ ಮಾಡಿಕೊಡಬೇಕಂತೆ!

ಮಾಡಿಕೊಟ್ಟೆ. ನನ್ನ ವೃತ್ತಿಜೀವನದ ಮೊಟ್ಟಮೊದಲ ಸ್ವತಂತ್ರ ಕೃತಿ ಬೇಗಂಪೇಟೆಯ ಒಂದು ಕಲ್ಯಾಣಮಂಟಪದಲ್ಲಿ ಒಂದು ಸಂಜೆ ಬೆಳಗಿತು. ಅಕ್ಷರಗಳು ನೇರವಾಗಿದ್ದವು, ಯಾವುದೂ ಕರಗಲಿಲ್ಲ. ಅತಿಥಿಯಾಗಿ ಬಂದಿದ್ದ ಖುರೇಷಿ ಸಾಬರು ಹೊಸ ಬಿಳಿ ಶರ್ಟಿನಲ್ಲಿ ದೂರವೇ ನಿಂತು ತಲೆದೂಗಿದರು. ನಾನು ಸೀರೆ ಸರಿಮಾಡಿಕೊಂಡು ಗಂಭೀರವಾಗಿ ನಿಂತೆ. ತಟ್ಟೆ ಹಿಡಿದ ಹಿರಿಯರೊಬ್ಬರು ನನ್ನ ಕೃತಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಹತ್ತಿರ ಬಂದು ಹಿಂದಿಯಲ್ಲಿ ಕೇಳಿದರು:

"ನೀವು ಶಾಮಿಯಾನಾ, ಕುರ್ಚಿ ಕೂಡ ಹಾಕಿಕೊಡ್ತೀರಾ?"

ನಾನು ಆರ್ಕಿಟೆಕ್ಚರ್ ವಿದ್ಯಾರ್ಥಿನಿ, ಗಾಜಿನ ಕಟ್ಟಡಗಳ ವಿನ್ಯಾಸದಲ್ಲಿ ತೊಡಗಿರುವವಳು ಎಂದು ಹೇಳಲು ತಲೆಯೆತ್ತಿ ಬಾಯಿ ತೆರೆದೆ.

ಅಷ್ಟರಲ್ಲಿ ಪಕ್ಕದಲ್ಲಿದ್ದ ಅಪ್ಪ, "ತಾರೀಖ್ ಕೌನ್ಸಾ ಹೈ ಸಾಬ್?" ಎಂದು ಕೇಳಿಯೇಬಿಟ್ಟರು.