ಆಕ್ಸಲ್ ಬಿಚ್ಚಿದ ಭಾವ

ನಮ್ಮ ಭಾವನವರಿಗೆ ಭಯ ಅನ್ನುವುದೇ ಇಲ್ಲ. ಅವರ ಪಾಲಿನದನ್ನೂ ಸೇರಿಸಿ ನಾನು, ಅಕ್ಕ ಹಂಚಿಕೊಂಡು ಪಡುತ್ತೇವೆ!

ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಮನೆಯಲ್ಲಿ ಎಲ್ಲವನ್ನೂ ತಾವೇ ಬಿಚ್ಚಬೇಕು. ಮಿಕ್ಸಿ ರಿಪೇರಿ ಮಾಡಿದರು; ಅಂದಿನಿಂದ ಅದು ಚಟ್ನಿಯನ್ನು ಗೋಡೆಗೇ ಬಡಿಸುತ್ತದೆ. ಗೀಸರ್ ರಿಪೇರಿ ಮಾಡಿದರು. ಅಂದಿನಿಂದ ಅಕ್ಕ ರಬ್ಬರ್ ಚಪ್ಪಲಿ ಮೆಟ್ಟಿಕೊಂಡೇ ಸ್ನಾನ ಮಾಡುತ್ತಾಳೆ!

ಹೋದ ತಿಂಗಳು ಅವರ ಕಾರು ತಿರುವುಗಳಲ್ಲಿ ಕಟಕಟ ಎನ್ನತೊಡಗಿತು. "ಆಕ್ಸಲ್ ಹೋಗಿದೆ. ನಾನೇ ಬದಲಾಯಿಸ್ತೀನಿ" ಎಂದುಬಿಟ್ಟರು. ಅಕ್ಕ ನನಗೆ ಫೋನ್ ಮಾಡಿದಳು. "ಬಂದ್ಬುಡು ಕಣೇ, ಒಬ್ಬಳೇ ನೋಡಕ್ಕಾಗಲ್ಲ!"

ಸಿದ್ಧಾರ್ಥನಗರದ ಅವರ ಮನೆ ತಲುಪುವಷ್ಟರಲ್ಲಿ ಮುಂದಿನ ಒಂದು ಚಕ್ರ ಕಳಚಿ, ಕಾರು ಪುಟ್ಟ ಜಾಕಿನ ಮೇಲೆ ನಿಂತಿತ್ತು. ಪಕ್ಕದ ಕುರ್ಚಿಗಳ ಮೇಲೆ ಒಂದೇ ಥರದ ಎರಡು ಲ್ಯಾಪ್‌ಟಾಪ್! ಒಂದರಲ್ಲಿ ಕಾಲೇಜಿನವರು ಕೊಂಡ ಲೆಕ್ಕದ ಸಾಫ್ಟ್‌ವೇರ್, ಇನ್ನೊಂದರಲ್ಲಿ ಪುಕ್ಕಟೆ ಸಿಗುವಂಥದ್ದು. ಎರಡಕ್ಕೂ ಒಂದೇ ಭಾರೀ ಲೆಕ್ಕ ಕೊಟ್ಟು ಪಂದ್ಯಕ್ಕೆ ಬಿಟ್ಟಿದ್ದರು.

"ಯಾವುದು ಮೊದಲು ಮುಗಿಸತ್ತೆ, ನೋಡ್ತಿರಮ್ಮ" ಎನ್ನುತ್ತಾ ಕಾರಿನಡಿ ತೂರಿದರು. ನಾನು ಅದನ್ನು ನೋಡಲೇ, ಜಾಕನ್ನು ನೋಡಲೇ?

"ರೀ, ಬಿಚ್ಚಿದ ಚಕ್ರನಾದ್ರೂ ಕಾರಿನ ಕೆಳಗೆ ಇಟ್ಕೊಳ್ಳಿ" ಎಂದಳು ಅಕ್ಕ.

"ಜಾಕು ತಡ್ಕೊಳ್ಳತ್ತೆ ಕಣೇ. ಲೆಕ್ಕ ಹಾಕಿದೀನಿ."

ಆ ಲೆಕ್ಕವನ್ನು ಅಕ್ಕ ನಂಬಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಕ್ರವನ್ನು ತಾನೇ ಉರುಳಿಸಿಕೊಂಡು ಬಂದು ಕಾರಿನಡಿ ತಳ್ಳಿದಳು.

ಭಾವ ಆಕ್ಸಲನ್ನು ಜೋರಾಗಿ ಜಗ್ಗಿದರು. ಜಾಕು ವಾಲಿತು. ಧಡ್! ಕಾರು ಕುಸಿದು ಅಕ್ಕ ಇಟ್ಟ ಚಕ್ರದ ಮೇಲೆ ಕೂತಿತು. ಹೊರಗೆ ಕಾಣುತ್ತಿದ್ದ ಎರಡು ಪಾದಗಳು ಅಲುಗಲಿಲ್ಲ. ಅಕ್ಕ ಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಭಾವಾ!" ಎಂದು ಕಿರುಚಿದೆ.

ಅಡಿಯಿಂದ ಕ್ಷೀಣ ದನಿ ಬಂತು: "ಯಾವುದು ಮುಗೀತು?"

"ನೀವೇ ಮುಗಿದ್ರಿ ಅಂದ್ಕೊಂಡ್ವಲ್ಲ ಭಾವ!"

ತೆವಳಿಕೊಂಡು ಹೊರಬಂದರು. ಮೈಗೆ ಒಂದು ಗೀರೂ ಆಗಿರಲಿಲ್ಲ. ಅಷ್ಟರಲ್ಲಿ ಒಂದು ಲ್ಯಾಪ್‌ಟಾಪ್ ಟಿಂಗ್ ಎಂದಿತು. "ಭಾವ, ಪುಕ್ಕಟೆಯದೇ ಗೆದ್ದಿತು!" ಎಂದೆ. ಅವರು ತಿರುಗಿಯೂ ನೋಡಲಿಲ್ಲ. ಮೆಟ್ಟಿಲ ಮೇಲೆ ಅಕ್ಕನ ಪಕ್ಕ ಕುಸಿದು ಕೂತರು. ಅವಳು ನೀರು ತರಲು ಎದ್ದಳು. ಗ್ರೀಸು ಮೆತ್ತಿದ ಕೈಯಲ್ಲೇ ಅವಳ ಕೈ ಹಿಡಿದುಕೊಂಡರು.

"ನೀರು ಆಮೇಲೆ ಕಣೇ. ಇಲ್ಲೇ ಕೂತಿರು ಸ್ವಲ್ಪ."

ಅಕ್ಕ ಕೂತಳು. ಹಿಡಿದ ಕೈಯನ್ನು ಭಾವ ಬಿಡಲೇ ಇಲ್ಲ.