ಮಗಳ ಸೀಟಿನಲ್ಲಿ ಬೀಗದಣ್ಣ

ಮಗಳು ಹುಟ್ಟಿದ ದಿನ ಆಸ್ಪತ್ರೆಯ ಮಂಚದ ಪಕ್ಕ ನಿಂತು ಬೀಗದಣ್ಣ ಹೆಂಡತಿಗೊಂದು ಮಾತು ಕೊಟ್ಟಿದ್ದ. ಈ ಮಗು ಕಾರಿನಲ್ಲಿ ಯಾವತ್ತೂ ಯಾರ ತೊಡೆಯ ಮೇಲೂ ಕೂರುವುದಿಲ್ಲ. ಅದಕ್ಕೆ ಅದರದೇ ಸೀಟು, ಅದರದೇ ಬೆಲ್ಟು. ಹೆಂಡತಿ ಅದೇ ಆಸ್ಪತ್ರೆಯ ನರ್ಸು, ತೊಡೆಯಿಂದ ಹಾರಿ ಗಾಜಿಗೆ ಬಡಿದ ಮಕ್ಕಳನ್ನು ಕಂಡವಳು. ಬೀಗದಣ್ಣನ ಬಳಿ ಆಗ ಇದ್ದದ್ದು ಒಂದು ಸೈಕಲ್ಲು, ಒಂದು ಬೀಗ ರಿಪೇರಿ ಅಂಗಡಿ. ಕಾರೇ ಇಲ್ಲದವನು ಕಾರಿನ ಮಾತು ಕೊಟ್ಟರೆ ಅವನ ಗಂಟೇನು ಹೋಗುತ್ತದೆ?

ಮಗಳಿಗೆ ಮೂರು ತುಂಬುವ ಹೊತ್ತಿಗೆ ಕಾರು ಬಂತು. ಹಳೆಯದು, ಕೆಮ್ಮುತ್ತಲೇ ಬಂತು. ತರಬೇತಿಗೆಂದು ಪರವೂರಿಗೆ ಹೋಗಿದ್ದ ಹೆಂಡತಿ ಫೋನು ಮಾಡಿದಳು.

"ರೀ, ನಾಳೆ ಸಂಜೆ ರೈಲಿಗೆ ಬರ್ತೀನಿ. ಮಗೂನ ಕರ್ಕೊಂಡು ಕಾರಲ್ಲೇ ಬನ್ನಿ. ಮಾತು ನೆನಪಿದೆ ತಾನೆ?"

"ನೆನಪಿಲ್ದೆ ಏನು!" ಅಂದವನು ಬೆಳಗಾಗುತ್ತಲೇ ಪೇಟೆಗೆ ಓಡಿ ಮಗುವಿನ ಸೀಟು ತಂದ.

ಹೊಸ ಬಕೆಟ್ ತಂದರೂ ನಾಲ್ಕು ಜನ ತಟ್ಟಿ ನೋಡುವ ಓಣಿ ಅದು. ಅದನ್ನು ಕಾರಿನ ಹಿಂದಿನ ಸೀಟಿನ ಮೇಲೆ ಬಿಗಿದು ಮುಗಿಸುವುದರೊಳಗೆ ಬಾಗಿಲ ಬಳಿ ಸಭೆ ಸೇರಿತ್ತು.

"ಇದೇನೋ, ಹಿಂದಕ್ಕೆ ಮುಖ ಮಾಡಿ ಕಟ್ಟಿದೀಯ? ಹೋಗೋ ದಾರಿ ಬಿಟ್ಟು ಬಂದ ದಾರಿ ನೋಡ್ತಾ ಕೂರ್ಬೇಕಾ ಕೂಸು?" ಎಂದರು ಎದುರುಮನೆಯ ಡ್ರೈವರ್ ಮಾವ, ಬಸ್ ಓಡಿಸಿ ನಿವೃತ್ತರಾದವರು.

"ಬ್ರೇಕ್ ಹಾಕಿದ್ರೆ ಕತ್ತು ಉಳಿಯುತ್ತೆ ಮಾವ."

"ಆಯುಷ್ಯವಿಡೀ ಬಸ್ ಓಡಿಸಿದೀನಿ. ಯಾವ ಮಗುವಿನ ಕತ್ತು ಉಳುಕಿತ್ತು?"

"ನಿಮ್ಮ ಬಸ್ಸನ್ನ ನಡ್ಕೊಂಡು ಹೋಗೋರೇ ಹಿಂದೆ ಹಾಕ್ತಿದ್ರು ಬಿಡಿ," ಎಂದಳು ಪಕ್ಕದ ಮನೆಯ ಟೈಲರ್ ಅಕ್ಕ.

ಬೀಗದಣ್ಣನ ತಾಯಿಗೆ ಬೇರೆಯದೇ ಸಂಕಟ. "ಕಟ್ಟಿ ಹಾಕೋಕೆ ಅದೇನು ಕರುವೇನೋ? ನನ್ನ ತೊಡೆಗೇನಾಗಿದೆ?"

ಯಾರ ಮಾತಿಗೂ ಜಗ್ಗದ ಬೀಗದಣ್ಣ ಮಗಳ ಎದುರು ಮಾತ್ರ ಸೋತ. ಅವಳು ಕೈಕಟ್ಟಿ ನಿಂತು ಒಂದೇ ಹಟ ಹಿಡಿದಳು: "ಅಪ್ಪ ಮೊದ್ಲು."

ಬಿಸ್ಕತ್ತು ತೋರಿಸಿದರು. ಗೊಂಬೆಯನ್ನು ಕೂರಿಸಿದರು. ಉಹೂಂ, ಅಪ್ಪನೇ ಆಗಬೇಕು.

"ಒಂದ್ಸಲ ಕೂತು ತೋರಿಸಿಬಿಡಿ ಅಣ್ಣ," ಎಂದಳು ಟೈಲರ್ ಅಕ್ಕ. "ನಿಮ್ಮ ಸೊಂಟದ ಅಳತೆ ನನಗೊತ್ತು, ಹಿಡಿಯುತ್ತೆ."

ಅವಳಿಗೆ ಗೊತ್ತಿದ್ದದ್ದು ಮದುವೆ ಪ್ಯಾಂಟಿನ ಅಳತೆ. ಬೀಗದಣ್ಣ ಉಸಿರು ಬಿಗಿಹಿಡಿದು ಕೂತ. ತಂಬಿಗೆಯೊಳಗೆ ತುರುಕಿದ ಕುಂಬಳಕಾಯಿಯಾದ. ಮೊಣಕಾಲು ಗಲ್ಲಕ್ಕೆ ತಾಗಿತು, ಮೂಗು ಕಾರಿನ ಸೀಟಿನ ಬೆನ್ನಿಗೆ ಒತ್ತಿತು.

"ಬೆಲ್ಟು!" ಮಗಳ ಆಜ್ಞೆ.

ಟೈಲರ್ ಅಕ್ಕ ಬೆಲ್ಟನ್ನು ಪೂರ್ತಿ ಉದ್ದ ಬಿಟ್ಟು, ಅವನ ತೋಳುಗಳನ್ನೂ ಸೇರಿಸಿ ಎಳೆದು, ಟಕ್ ಎಂದು ಸಿಕ್ಕಿಸಿದಳು. ಮಗಳು ಚಪ್ಪಾಳೆ ತಟ್ಟಿದಳು. "ಈಗ ನಾನು!"

ಈಗ ಅವಳು ಕೂರಬೇಕಾದರೆ ಇವನು ಏಳಬೇಕು. ಬಿಚ್ಚುವ ಗುಂಡಿ ಅವನ ಹೊಟ್ಟೆಯ ಅಡಿಯಲ್ಲೆಲ್ಲೋ ಸಮಾಧಿಯಾಗಿತ್ತು. ಡ್ರೈವರ್ ಮಾವ ಕಾಲು ಹಿಡಿದು ಎಳೆದರು. ಕಾರು ಕದಲಿತು, ಬೀಗದಣ್ಣ ಕದಲಲಿಲ್ಲ. ತಾಯಿ ಎಣ್ಣೆಯ ಬಟ್ಟಲು ತಂದಳು. ಟೈಲರ್ ಅಕ್ಕ ಕತ್ತರಿ ತಂದಳು.

"ಬೇಡಕ್ಕಾ! ಬೆಲ್ಟು ಕತ್ತರಿಸಿದ್ರೆ ಸೀಟೇ ಹೋಯ್ತು!"

ದಾರಿಹೋಕನೊಬ್ಬ ಇಣುಕಿ ನೋಡಿ ಕೂಗಿದ: "ಬೀಗದಣ್ಣನ್ನ ಕರ್ಕೊಂಡು ಬನ್ರಪ್ಪಾ! ಎಂಥ ಬೀಗ ಆದ್ರೂ ತೆಗೀತಾನೆ!"

"ನಾನೇ ಕಣಯ್ಯಾ ಒಳಗಿರೋದು!"

ರೈಲಿನ ಹೊತ್ತು ಹತ್ತಿರವಾಯಿತು. ಡ್ರೈವರ್ ಮಾವ ಮುಂದೆ ಹತ್ತಿ ಕೂತೇಬಿಟ್ಟರು. "ನಾನು ಓಡಿಸ್ತೀನಿ. ನೀನು ಹೀಗೇ ಇರು, ನಿನ್ನ ಕತ್ತು ಉಳಿಯುತ್ತೆ. ಮಗು ಅಜ್ಜಿ ತೊಡೆ ಮೇಲೆ ಬರ್ಲಿ."

"ಆಗಲ್ಲ ಅಂದ್ರೆ ಆಗಲ್ಲ! ಮಾತು ಕೊಟ್ಟಿದೀನಿ!" ಕೂತಲ್ಲೇ ಗುಡುಗಿದ ಬೀಗದಣ್ಣ.

ಅಷ್ಟರಲ್ಲಿ ಮಗಳು ಎಲ್ಲರ ಕಾಲ ಸಂದಿಯಿಂದ ನುಸುಳಿ ಒಳಗೆ ಹತ್ತಿದಳು. ದೊಡ್ಡವರ ಯಾವ ಕೈಯೂ ತೂರದ ಜಾಗಕ್ಕೆ ಪುಟ್ಟ ಕೈ ತೂರಿತು. ಟಕ್! ಬೀಗದಣ್ಣ ಚಿಮ್ಮಿ ಹೊರಬಿದ್ದ. ಓಣಿಗೆ ಓಣಿಯೇ ಶಿಳ್ಳೆ ಹೊಡೆಯಿತು.

"ಬೀಗದವನ ಮಗಳಲ್ವಾ! ಮೀನಿನ ಮರಿಗೆ ಈಜು ಕಲಿಸ್ಬೇಕಾ?" ಎಂದು ಅಜ್ಜಿ ಬೀಗಿದಳು.

ಮಗಳು ಈಗ ತಕರಾರಿಲ್ಲದೆ ಸೀಟಿನಲ್ಲಿ ಕೂತಳು. ಬೀಗದಣ್ಣ ಬೆಲ್ಟು ಹಾಕಿ, ಮುಂದೆ ಬಂದು, ಕಾರು ಚಾಲೂ ಮಾಡಿದ. ಹಿಂದಿನಿಂದ ಟಕ್. ತಿರುಗಿ ನೋಡಿದರೆ ಮಗಳು ಎದ್ದು ನಿಂತಿದ್ದಾಳೆ.

"ಅಪ್ಪಾ, ತೆಗ್ದೆ!"

ಮತ್ತೆ ಹಾಕಿದ. ಟಕ್. ಗದರಿಸಿ ಹಾಕಿದ. ಟಕ್. ಬಿಸ್ಕತ್ತು ಕೊಟ್ಟು ಹಾಕಿದ. ಬಿಸ್ಕತ್ತು ಬಾಯಲ್ಲಿಟ್ಟುಕೊಂಡೇ ಟಕ್. ಕಲಿತ ವಿದ್ಯೆಯನ್ನು ಮರೆಸುವ ಬೀಗ ಅವನ ಅಂಗಡಿಯಲ್ಲೂ ಇರಲಿಲ್ಲ.

ಹೆಂಡತಿ ಎರಡು ಪೆಟ್ಟಿಗೆ ಹಿಡಿದು ನಿಲ್ದಾಣದ ಬಾಗಿಲಲ್ಲಿ ಕಾದು ಕಾದು ಸುಸ್ತಾದ ಮೇಲೆ ಬೀಗದಣ್ಣ ಬೆವರಿಳಿಸುತ್ತಾ ನಡೆದು ಬಂದ, ಹೆಗಲ ಮೇಲೆ ಮಗಳು.

"ಕಾರೆಲ್ಲಿ?"

"ಮನೇಲಿದೆ."

"ಸೀಟು?"

"ಅದೂ ಮನೇಲಿದೆ. ಸರಿಯಾಗೇ ಕಟ್ಟಿದೀನಿ."

"ಅಮ್ಮಾ, ಅಪ್ಪ ನನ್ನ ಸೀಟಲ್ಲಿ ಸಿಕ್ಕಾಕ್ಕೊಂಡಿದ್ರು. ನಾನೇ ತೆಗ್ದೆ!" ಮೇಲಿನಿಂದ ವರದಿ ಬಂತು.

ಹೆಂಡತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಎರಡೂ ಪೆಟ್ಟಿಗೆಗಳನ್ನು ಅವನ ಎರಡೂ ಕೈಗೆ ಕೊಟ್ಟು ಮುಂದೆ ನಡೆದಳು.

ಮಗು ಕಾರಿನಲ್ಲಿ ಯಾರ ತೊಡೆಯ ಮೇಲೂ ಕೂರಲಿಲ್ಲ. ಬೀಗದಣ್ಣ ಕೊಟ್ಟ ಮಾತು ಉಳಿಸಿಕೊಂಡ.