ಕೂತಲ್ಲೇ ಕರಗಿದ ಕ್ಯಾಲೊರಿ

ಮನೆಯಲ್ಲಿ ಏನಾದರೂ ಕೆಟ್ಟರೆ ನಾವು ಮೊದಲು ಅನುಮಾನಿಸುವುದು ಅಂಗಡಿಯಿಂದ ತಂದ ವಸ್ತುವನ್ನು. ಅದಕ್ಕೆ ವಾರಂಟಿ ಇರುತ್ತದೆ, ಬೈದರೆ ತಿರುಗಿ ಮಾತಾಡುವುದಿಲ್ಲ, ತೀರಾ ಸಾಕಾದರೆ ಬದಲಾಯಿಸಿಕೊಳ್ಳಲೂ ಬರುತ್ತದೆ. ಬೆಳ್ಳಾರೆ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡೇ ತಲೆ ನರೆಸಿಕೊಂಡ ನನಗೆ ಇದು ಚೆನ್ನಾಗಿ ಗೊತ್ತು. ನಲ್ಲಿ ಸೋರುತ್ತದೆ ಎಂದು ವಾಪಸು ತರುವವರಲ್ಲಿ ಹೆಚ್ಚಿನವರು ವಾಷರನ್ನು ತಿರುಗಾಮುರುಗಾ ಹಾಕಿದವರೇ. "ವಸ್ತುವಿನಲ್ಲಿ ಎಂತ ದೋಷವೂ ಇಲ್ಲ ಮಾರಾಯ್ರೆ, ಹಾಕಿದ್ದು ಸರಿಯಾಗ್ಲಿಲ್ಲ" ಎಂದು ನಾನು ಎಷ್ಟು ಜನರಿಗೆ ಹೇಳಿ ಕಳಿಸಿದ್ದೇನೋ ಲೆಕ್ಕವಿಲ್ಲ. ಇಷ್ಟಾದರೂ ನನ್ನ ಕೈಯ ವಾಚು ಹುಚ್ಚುಹುಚ್ಚಾಗಿ ಕ್ಯಾಲೊರಿ ತೋರಿಸಲು ಸುರು ಮಾಡಿದಾಗ ನಾನು ಜಗಳಕ್ಕೆ ಹೋದದ್ದು ವಾಚಿನ ಮೇಲೆಯೇ. ಯಾಕೆಂದರೆ ತಪ್ಪು ವಾಚಿನದಲ್ಲ ಎಂದಾದರೆ ಉಳಿಯುವುದು ಕೈ. ಕೈಯ ವಿಚಾರಕ್ಕೆ ಹೋಗುವ ಧೈರ್ಯ ನನಗಿರಲಿಲ್ಲ.

ಅದಕ್ಕೆ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಅಪ್ಪನಿಗೆ ಹೆಚ್ಚುಕಡಿಮೆ ನನ್ನದೇ ಪ್ರಾಯದಲ್ಲಿ ಎಡಗೈ ನಡುಗಲು ಸುರುವಾಯಿತು. ಆಮೇಲೆ ಬಲಗೈ, ಆಮೇಲೆ ನಾಲಿಗೆ. ಕೊನೆಕೊನೆಗೆ ಅಮ್ಮ ಗಂಜಿಯನ್ನು ಚಮಚದಲ್ಲಿ ಕೊಡುತ್ತಿದ್ದರು. ಹೆಚ್ಚಿನದು ಅಂಗಿಗೆ ಹೋಗುತ್ತಿತ್ತು. ಅದೇ ಅಪ್ಪ ಒಂದು ಕಾಲದಲ್ಲಿ ನಮ್ಮ ಕುಟುಂಬದ ಪಾಯಸದವರು. ನಮ್ಮಲ್ಲಿ ಈಗ ಅಡುಗೆಗೂ ಬಡಿಸುವುದಕ್ಕೂ ಕೇಟರಿಂಗಿನವರು ಬಂದಿದ್ದಾರೆ, ಆದರೆ ಪಾಯಸ ಮಾತ್ರ ಕುಟುಂಬದವರ ಕೈಯಿಂದಲೇ ಎಲೆಗೆ ಬೀಳಬೇಕು. ಎಡಗೈಯಲ್ಲಿ ಬಾಲ್ದಿ, ಬಲಗೈಯಲ್ಲಿ ಸೌಟು, ಬಗ್ಗಿಸಿದ ಸೊಂಟ ಎತ್ತದೆ ಪಂಕ್ತಿಯ ಈ ತುದಿಯಿಂದ ಆ ತುದಿಗೆ. ಎಲೆಯಿಂದ ಎಲೆಗೆ ದಾಟುವಾಗ ನೆಲಕ್ಕೆ ಒಂದು ತೊಟ್ಟು ಬಿದ್ದರೂ ಹಿರಿಯರು ತಲೆ ಎತ್ತಿ ನೋಡುತ್ತಾರೆ. ಅಪ್ಪ ಕೆಳಗಿಟ್ಟ ಬಾಲ್ದಿ ನನಗೆ ಬಂತು. ಪಾಲಿನಲ್ಲಿ ಬಂದ ಜಾಗಕ್ಕಿಂತ ಅದರ ಬಗ್ಗೆಯೇ ನನಗೆ ಹೆಚ್ಚು ಜಂಬ. ಐವರ್ನಾಡಿನಲ್ಲಿ ದೊಡ್ಡಪ್ಪನ ಮಗ ವಸಂತ ತನ್ನ ಮಗಳಿಗೆ ಮದುವೆ ನಿಶ್ಚಯ ಮಾಡಿದ ದಿನವೇ ಫೋನು ಮಾಡಿ, ಪಾಯಸಕ್ಕೆ ನೀವುಂಟಲ್ಲ, ಆ ಚಿಂತೆ ಇಲ್ಲ ಎಂದಿದ್ದ. ಚಿಂತೆ ಅಲ್ಲಿಂದ ಹೊರಟು ನೇರ ನನ್ನ ಮನೆಗೆ ಬಂತು.

ವಾಚು ಬಂದದ್ದು ಮಾತ್ರ ಹೊಟ್ಟೆಯ ಕಾರಣಕ್ಕೆ. ಪುತ್ತೂರಿನ ಡಾಕ್ಟರು ನನ್ನ ಹೊಟ್ಟೆಯನ್ನು ಹಲಸಿನ ಹಣ್ಣು ನೋಡುವವರ ಹಾಗೆ ತಟ್ಟಿ ನೋಡಿ, ಅನ್ನ ಕಮ್ಮಿ ಮಾಡಿ, ದಿನಾ ನಡೆಯಿರಿ ಎಂದರು. ನನ್ನ ಹೆಂಡತಿ ವೇದಾವತಿಗೆ ನನ್ನ ನಡಿಗೆಯ ಬಗ್ಗೆ ನನ್ನ ಬಾಯಿಮಾತು ಸಾಲದು ಎಂದು ಕಂಡಿರಬೇಕು, ಹೆಜ್ಜೆ, ಕ್ಯಾಲೊರಿ ಎಲ್ಲ ಎಣಿಸುವ ವಾಚು ತರಿಸಿದಳು. ತಿಂದದ್ದು, ಕುಡಿದದ್ದನ್ನು ತುಂಬಿಸಲು ಅದಕ್ಕೆ ಫೋನಿನಲ್ಲಿ ಒಂದು ಆ್ಯಪು. ಬೆಳಿಗ್ಗೆ ಮನೆಯ ಹಿಂದಿನ ಗುಡ್ಡೆ ಹತ್ತಿ, ರಬ್ಬರ್ ಪ್ಲಾಟಿನ ಬದಿಯಿಂದ ನಾಲಿಗೆ ಹೊರಗೆ ಹಾಕಿಕೊಂಡು ಇಳಿದು ಬಂದರೆ ಅದು ತೋರಿಸುವುದು ಒಂದು ಇಡ್ಲಿಗೂ ಸಾಲದ ಕ್ಯಾಲೊರಿ. ಮಧ್ಯಾಹ್ನ ಗಿರಾಕಿಗಳಿಲ್ಲದೆ ಗಲ್ಲಾಪೆಟ್ಟಿಗೆಯ ಹಿಂದೆ ಸುಮ್ಮನೆ ಕೂತರೆ ಒಂದು ಮದುವೆ ಊಟ ಕರಗಿರುತ್ತದೆ. ಪಕ್ಕದ ಚಪ್ಪಲಿ ಅಂಗಡಿಯ ಹಮೀದ್ ಇದನ್ನು ನೋಡಿ, ಹಾಗಾದರೆ ನೀವು ಗುಡ್ಡೆ ಹತ್ತುವುದು ಬಿಡಿ, ಕೂತೇ ಸಪೂರ ಆಗಬಹುದು, ನನಗೂ ಒಂದು ತರಿಸಿ ಎಂದ. ನಾನೂ ನಕ್ಕೆ. ನಗುವಾಗ ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದೆ.

ಆಮೇಲೆ ರಿಪೇರಿಯ ಪರ್ವ. ಆ್ಯಪಿನಲ್ಲಿ ಹೇಳಿದ್ದನ್ನೆಲ್ಲ ಒಂದು ಬಿಡದೆ ಮಾಡಿದೆ. ಪಟ್ಟಿ ಸಡಿಲವಿದ್ದರೆ ಲೆಕ್ಕ ತಪ್ಪುತ್ತದೆ ಎಂದಿತು, ಕೈ ನೀಲಿಯಾಗುವಷ್ಟು ಬಿಗಿದೆ. ಪ್ರಾಯ, ಎತ್ತರ, ತೂಕ ಸರಿಯಿದೆಯೇ ನೋಡಿ ಎಂದಿತು. ತೂಕ ನೋಡಲು ಹೋದವನು ಸ್ವಲ್ಪ ಇಳಿಸಿಯೇ ಬರೆದು ಬಂದೆ, ನಾನು ಈವರೆಗೆ ಇಳಿಸಿದ ತೂಕ ಅದೊಂದೇ. ವೇದಾವತಿಯ ಕೈಗೆ ಕಟ್ಟಿ ನೋಡಿದೆ. ಅವಳು ಒಗೆಯುವಾಗ ಏರಿತು, ಟಿವಿಯ ಮುಂದೆ ಕೂತಾಗ ಮರ್ಯಾದೆಯಿಂದ ನಿಂತಿತು. ಅವಳಿಗೆ ಆಗಿಬರುತ್ತದೆ, ನನಗೆ ಆಗಿಬರುವುದಿಲ್ಲ, ಹರಳಿನ ಉಂಗುರದ ಹಾಗೆ ಇದೂ ಒಂದು ಯೋಗ ಎಂದು ಸಮಾಧಾನ ಮಾಡಿಕೊಂಡೆ. ಕೊನೆಗೆ ನನ್ನದೇ ಬಲಗೈಗೆ ಕಟ್ಟಿದೆ. ಸರಿಯಾಗಿಬಿಟ್ಟಿತು. ನಡೆದರೆ ಏರುತ್ತದೆ, ಕೂತರೆ ನಿಲ್ಲುತ್ತದೆ. ಹಾಳಾದದ್ದು ಸರಿಯಾಯಿತೆಂದು ಯಾರಾದರೂ ಸಂತೋಷಪಡುತ್ತಾರೆ, ನಾನು ಬೆವತುಹೋದೆ. ಬೇಗ ಬೇಗ ಬಿಚ್ಚಿ ಮತ್ತೆ ಎಡಗೈಗೇ ಕಟ್ಟಿ, ಬಲಗೈಯ ಪರೀಕ್ಷೆ ನಡೆದೇ ಇಲ್ಲ ಎನ್ನುವವನ ಹಾಗೆ ಇದ್ದುಬಿಟ್ಟೆ.

ಆದರೂ ಹಟ ಬಿಡದೆ ಪುತ್ತೂರಿಗೆ ಹೋಗಿ ವಾಚುಗಳ ಅಂಗಡಿಯಲ್ಲಿ ಅದನ್ನು ಮೇಜಿನ ಮೇಲಿಟ್ಟೆ. ಅಂಗಡಿಯವರು ಕನ್ನಡಕ ಏರಿಸಿ, ವಾಚನ್ನು ತಮ್ಮ ಕೈಗೆ ಕಟ್ಟಿ ಅಂಗಡಿಯ ಉದ್ದಕ್ಕೆ ನಡೆದರು, ಕೂತರು, ನನ್ನನ್ನೂ ನಡೆಸಿ ನೋಡಿದರು. ವಾಚು ಕೈಬೀಸು ನೋಡಿ ಹೆಜ್ಜೆ ಎಣಿಸುವುದು, ನಿಮ್ಮ ಎಡಗೈ ನಡೆಯುವಾಗ ಬೀಸುವುದೇ ಇಲ್ಲವಲ್ಲ ಎಂದರು. ಮತ್ತೆ ನನ್ನ ಮುಖ ನೋಡದೆ, "ವಸ್ತುವಿನಲ್ಲಿ ದೋಷ ಇಲ್ಲ ಮಾರಾಯ್ರೆ" ಎಂದರು. ನನ್ನ ಮಾತನ್ನು ನನಗೇ ಹೇಳಿದರಲ್ಲ ಎಂದು ಮೈಯೆಲ್ಲ ಉರಿಯಿತು. ವ್ಯಾಪಾರ ಮಾಡುವ ಕ್ರಮ ಇದಲ್ಲ ಎಂದು ಅವರಿಗೆ ಹೇಳಿಯೇ ಹೊರಗೆ ಬಂದೆ. ಮರುದಿನದಿಂದ ಗುಡ್ಡೆಯ ದಾರಿಯಲ್ಲಿ ಎಡಗೈಯನ್ನು ಪೋಲೀಸರ ಪೆರೇಡಿನ ಹಾಗೆ ಬೀಸತೊಡಗಿದೆ. ನಾಲ್ಕು ಹೆಜ್ಜೆ ಬೀಸುತ್ತಿತ್ತು, ಮನಸ್ಸು ಬೇರೆ ಕಡೆಗೆ ಹೋದ ಕೂಡಲೇ ಕೈ ಮತ್ತೆ ಪಕ್ಕೆಗೆ ಅಂಟಿಕೊಳ್ಳುತ್ತಿತ್ತು. ಹಾಲಿಗೆ ಹೋಗುವವರು ದಾರಿ ಬಿಟ್ಟು ನಿಂತು ನೋಡುತ್ತಿದ್ದರು.

ಮದುವೆ ಹತ್ತಿರ ಬಂದಂತೆ ನನಗೆ ಇನ್ನೊಂದು ಹುಚ್ಚು ಹಿಡಿಯಿತು. ಅಂಗಳದಲ್ಲಿ ವೇದಾವತಿಯ ಆಂಥೂರಿಯಂ ಕುಂಡಗಳನ್ನು ಎರಡು ಸಾಲು ಮಾಡಿ, ನಡುವೆ ಪಂಕ್ತಿಯಷ್ಟೇ ಜಾಗ ಬಿಟ್ಟು, ಬಾಲ್ದಿಯಲ್ಲಿ ನೀರು ಹಿಡಿದು ಸೌಟಿನಿಂದ ಕುಂಡಕ್ಕೊಂದರಂತೆ ಬಡಿಸುತ್ತಾ ಹೋದೆ. ಬಾಲ್ದಿ ಹಿಡಿದ ಕೈಯಲ್ಲಿ ವಾಚು ಎಷ್ಟು ತೋರಿಸುತ್ತದೆ ಎಂದು ಪರೀಕ್ಷೆ ಮಾಡುವುದು ಎಂದು ಅವಳಿಗೆ ಹೇಳಿದೆ. ವಾಚು ಏನು ತೋರಿಸಿತೋ ಗೊತ್ತಿಲ್ಲ, ನಾನು ಅದನ್ನು ನೋಡಲೇ ಇಲ್ಲ. ನೋಡಿದ್ದು ಕುಂಡಗಳ ನಡುವಿನ ನೆಲವನ್ನು. ಮೊದಲಿನ ಕೆಲವು ಕುಂಡಗಳ ತನಕ ನೆಲ ಒಣಗಿಯೇ ಇತ್ತು. ಆಮೇಲೆ ಬಾಲ್ದಿಯ ಹಿಡಿ ಕಟಕಟ ಎನ್ನತೊಡಗಿತು, ಸಾಲು ಮುಗಿಯುವಾಗ ನೆಲದಲ್ಲಿ ನೀರಿನ ಗೆರೆ. ವೇದಾವತಿ ಬಾಗಿಲಲ್ಲಿ ನಿಂತು ನೋಡಿದಳು, ಗಿಡಗಳಿಗೆ ದಿನಕ್ಕೆ ಇಷ್ಟು ಸಲ ನೀರು ಹಾಕಿದರೆ ಬೇರು ಕೊಳೆಯುತ್ತದೆ ಎಂದಷ್ಟೇ ಹೇಳಿ ಒಳಗೆ ಹೋದಳು. ಎರಡು ಗಿಡಗಳು ಕೊಳೆತೂ ಹೋದವು.

ಮದುವೆಯ ದಿನ ಐವರ್ನಾಡಿನ ಸಭಾಭವನದಲ್ಲಿ ಮೊದಲ ಪಂಕ್ತಿ ಕೂತಿತು. ನಾನು ಪಂಚೆ ಎತ್ತಿ ಕಟ್ಟಿ ಬಾಲ್ದಿ ಹಿಡಿದೆ. ತುಂಬಿದ ಬಾಲ್ದಿ ಭಾರಕ್ಕೆ ಗಟ್ಟಿಯಾಗಿ ನಿಂತಿತು. ಅಪ್ಪ ಎಲ್ಲಿಂದಲೋ ನೋಡುತ್ತಿದ್ದರೆ ನೋಡಲಿ ಎಂದು ನನಗೆ ಎದೆಯುಬ್ಬಿತು. ಆದರೆ ಪಂಕ್ತಿ ಅರ್ಧವಾಗುವ ಮೊದಲೇ ಹಿಡಿ ಕಟಕಟ ಎಂದಿತು. ಒಂದು ತೊಟ್ಟು ನೆಲಕ್ಕೆ, ಇನ್ನೊಂದು ಯಾರದೋ ಪಂಚೆಗೆ. ಕಣ್ಣು ಬಾಲ್ದಿಯ ಮೇಲೆಯೇ ಇದ್ದು, ಎತ್ತಿದ ಸೌಟು ಇಳಿಸಲು ಎಲೆ ಸಿಗಲಿಲ್ಲ. ಹಿರಿಯರು ತಲೆ ಎತ್ತಿ ನೋಡುತ್ತಾರೆ ಎಂದುಕೊಂಡಿದ್ದೆ. ಅವರು ನೋಡಲಿಲ್ಲ, ಎಲ್ಲರೂ ಎಲೆಯೊಳಗೆ ಮುಖ ಹಾಕಿಕೊಂಡು ಅನ್ನ ಕಲಸುತ್ತಲೇ ಇದ್ದರು. ಅದನ್ನು ಮಾತ್ರ ನನ್ನಿಂದ ಸಹಿಸಲಾಗಲಿಲ್ಲ. ಅಷ್ಟರಲ್ಲಿ ವಸಂತ ಬಂದು ಬಾಲ್ದಿಯ ಹಿಡಿಗೆ ಮೆಲ್ಲಗೆ ಕೈ ಹಾಕಿದ.

"ಅಣ್ಣ, ನೀವು ಇನ್ನು ಕೂತ್ಕೊಳ್ಳಿ. ನಿಮಗೆ ಅಲ್ಲಿ ಎಲೆ ಹಾಕಿ ಆಗಿದೆ."

ಹೌದು, ಹಾಕಿ ಆಗಿತ್ತು. ಪಂಕ್ತಿಯ ತುದಿಯಲ್ಲಿ, ಕೋಲು ಹಿಡಿದು ಬಂದವರ ಸಾಲಿನಲ್ಲಿ ಒಂದು ಎಲೆಯ ಮುಂದೆ ಯಾರೂ ಕೂತಿರಲಿಲ್ಲ. ಪಲ್ಯ, ಕೋಸಂಬರಿ ಎಲ್ಲ ಬಡಿಸಿ ತುಂಬ ಹೊತ್ತಾಗಿದ್ದಿರಬೇಕು, ಹಪ್ಪಳ ಮೆತ್ತಗಾಗಿತ್ತು. ನಾನು ಬಾಲ್ದಿ ಎತ್ತುವ ಮೊದಲೇ ಇವರೆಲ್ಲ ಇದನ್ನು ತೀರ್ಮಾನ ಮಾಡಿದ್ದರು, ನನ್ನ ಸಮಾಧಾನಕ್ಕೆಂದು ಕೆಲವು ಎಲೆ ಬಿಟ್ಟುಕೊಟ್ಟಿದ್ದರು ಅಷ್ಟೆ. ವಸಂತ ಬಂದು ನನ್ನ ಎಲೆಗೂ ಪಾಯಸ ಬಡಿಸಿದ. ಚೆನ್ನಾಗಿಯೇ ಬಡಿಸಿದ. ಹೊಟ್ಟೆ ಉರಿಯಿತು, ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ.

ಬೆಳ್ಳಾರೆಗೆ ವಾಪಸು ಬರುವ ಬಸ್ಸಿನಲ್ಲಿ ವೇದಾವತಿಯ ಪಕ್ಕ ಕೂತು ನಾನು ವಾಚನ್ನು ಬೈಯಲು ಸುರು ಮಾಡಿದೆ. ಪಟ್ಟಿ ಬಿಗಿದು ಬಿಗಿದು ನರ ಜೋಮು ಹಿಡಿದದ್ದು, ಇದನ್ನು ಕಟ್ಟುವ ಮೊದಲು ನನಗೆ ಎಂತ ಇತ್ತು, ನಾಳೆಯೇ ಇದನ್ನು ಬಿಸಾಡುತ್ತೇನೆ ಎಂದೆ. ಅವಳು ಕಿಟಕಿಯಿಂದ ಹೊರಗೆ ನೋಡುತ್ತಲೇ ಕೇಳಿದಳು. ಆಮೇಲೆ ನನ್ನ ಎಡಗೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡು, ಮೇಲೆ ಸೆರಗು ಹಾಕಿ ಒತ್ತಿ ಹಿಡಿದಳು. ಸೆರಗಿನಡಿಯಲ್ಲಿ ಅದು ನಡುಗುತ್ತಲೇ ಇತ್ತು. ನನಗೆ ಅಪ್ಪನ ಅಂಗಿಯ ನೆನಪಾಗಿ ಹೆದರಿಕೆಯಾಯಿತು, ಬಸ್ಸಿನಲ್ಲಿ ಜನ ಇಲ್ಲದಿದ್ದರೆ ಅತ್ತೇ ಬಿಡುತ್ತಿದ್ದೆ.

"ಮಂಗಳೂರಿನ ನರದ ಡಾಕ್ಟರ ಹತ್ರ ಸೋಮವಾರಕ್ಕೆ ಹೇಳಿಟ್ಟಿದ್ದೇನೆ" ಎಂದಳು. "ಮದುವೆ ಮುಗೀಲಿ ಅಂತ ಕಾದದ್ದು."

ನಿನಗೆ ಯಾವಾಗಿನಿಂದ ಗೊತ್ತು ಎಂದು ಕೇಳಿದೆ.

"ನಿಮಗೆ ಚಹಾ ಅರ್ಧ ಕಪ್ಪು ಕೊಡ್ಲಿಕ್ಕೆ ಸುರು ಮಾಡಿದಾಗಿಂದ. ತುಂಬಿಸಿ ಕೊಟ್ರೆ ಚೆಲ್ತದೆ, ನೀವು ಬೇಜಾರು ಮಾಡ್ತೀರಿ ಅಂತ."

ನಾನು ಅದನ್ನು ಪಥ್ಯ ಎಂದುಕೊಂಡಿದ್ದೆ. ದಿನವೂ ಆ್ಯಪಿನಲ್ಲಿ 'ಚಹಾ, ಅರ್ಧ ಕಪ್ಪು' ಎಂದು ತುಂಬಿಸಿ, ಬಾಯಿ ಕಟ್ಟಿದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.